ಗಂಡುನೊಣದ ಹಸಿವಿನ ದಿನಗಳು

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಬೀಜೋತ್ಪಾದನೆಯ ಹೊಲಗಳಲ್ಲಿ ಒಂದೊಂದು ಹೀರೇಕಾಯಿ, ಹಾಗಲಕಾಯಿಯ ಹಿಂದೆಯೂ ಹೆಣ್ಣುಮಕ್ಕಳ ಕೈಕೆಲಸವಿದೆ. ಅರಳುವ ಮೊದಲೇ ಹೆಣ್ಣುಹೂವನ್ನು ಮುಚ್ಚಬೇಕು, ಇನ್ನೊಂದು ತಳಿಯ ಗಂಡುಹೂವಿನಿಂದ ಪರಾಗ ತಂದು ಸವರಬೇಕು, ಮತ್ತೆ ಮುಚ್ಚಿ ಗುರುತಿನ ದಾರ ಕಟ್ಟಬೇಕು. ಹಾಗಲಕ್ಕೆ ಈ ಕೆಲಸ ಬೆಳಗ್ಗೆ, ಹೀರೆಗೆ ಸಂಜೆ. ಇದಕ್ಕೆ ಅವರು ‘ಕ್ರಾಸಿಂಗ್’ ಎನ್ನುತ್ತಾರೆ. ಇಷ್ಟೆಲ್ಲ ಆಗಿ ಕಾಯಿ ಬೆರಳುದ್ದ ಬೆಳೆಯುವಷ್ಟರಲ್ಲಿ ಹಣ್ಣುನೊಣ ಬಂದು ಕೂರುತ್ತದೆ. ಸೂಜಿಯಂಥ ಅಂಗದಿಂದ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟು ಸೋರುತ್ತದೆ, ಕಾಯಿ ಸೊಟ್ಟಗಾಗುತ್ತದೆ, ಹುಳ ಬಿದ್ದು ಕೊಳೆಯುತ್ತದೆ. ತರಕಾರಿಗೆ ಬೆಳೆದವರು ಕಾಯಿಯೊಂದನ್ನು ಕಳೆದುಕೊಂಡರೆ, ಬೀಜಕ್ಕೆ ಬೆಳೆದವರು ಕಾಯಿಯ ಜೊತೆಗೆ ಬೀಜವನ್ನೂ ಕೊಟ್ಟ ಕೂಲಿಯನ್ನೂ ಕಳೆದುಕೊಳ್ಳುತ್ತಾರೆ.

ಆಗ ನಮ್ಮ ರೈತರು ಮಾಡುವುದೇನು? ಪಂಪು ಹೆಗಲಿಗೇರಿಸಿ ಬಳ್ಳಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. ವಾರ ಬಿಟ್ಟು ಮತ್ತೆ ಹೊಡೆಯುತ್ತಾರೆ. ಹುಳ ಕಾಯಿಯ ಒಳಗೆ ತಿರುಳಿನಲ್ಲಿರುತ್ತದೆ, ಕೋಶ ಮಣ್ಣಿನಲ್ಲಿರುತ್ತದೆ, ತಾಯಿನೊಣ ಮೊಟ್ಟೆಯಿಟ್ಟು ಎದ್ದು ಹೋಗಿರುತ್ತದೆ. ಎಣ್ಣೆ ಬೀಳುವುದು ಈ ಮೂರೂ ಇಲ್ಲದ ಜಾಗದ ಮೇಲೆ.

ನನ್ನ ವಾದ ಇದು. ಹಣ್ಣುನೊಣ ಸುಲಭವಾಗಿ ಕೈಗೆ ಸಿಗುವ ಕಾಲ ಒಂದಿದೆ. ಅದು ಮಣ್ಣಿನಿಂದ ರೆಕ್ಕೆ ಬಿಚ್ಚಿ ಎದ್ದ ದಿನದಿಂದ ಕೂಡುವ ಪ್ರಾಯಕ್ಕೆ ಬರುವ ದಿನದವರೆಗಿನ ಒಂದೆರಡು ವಾರ. ಆ ದಿನಗಳಲ್ಲಿ ಅದು ಏನು ತಿನ್ನುತ್ತದೆ, ಅದರ ಮೈಯೊಳಗೆ ಯಾವ ಹಾರ್ಮೋನು ಏರುತ್ತದೆ ಎಂಬುದನ್ನು ವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ನೊಣದ ಸಂಸಾರದ ಸಂಗತಿ ನಮಗೇಕೆ ಎಂದು ಬದಿಗಿಡುವಂಥ ವಿಷಯ ಇದಲ್ಲ. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಆಗುತ್ತಿರುವ ನಷ್ಟಕ್ಕೆ ಉತ್ತರದ ಬಹುಭಾಗ ಅಲ್ಲಿಯೇ ಇದೆ.

ಮೊದಲಿಗೆ ಈ ಎಣ್ಣೆ ಹೊಡೆಯುವ ರೂಢಿ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ರೈತರನ್ನು ಬೈದು ಪ್ರಯೋಜನವಿಲ್ಲ. ನೆರೆಯ ಬ್ಯಾಡಗಿಯ ಸೀಮೆಯಲ್ಲಿ ಮೆಣಸಿನಗಿಡಕ್ಕೆ ತಗಲುವ ಮುರ್ಡಾ ರೋಗದಲ್ಲಿ ಎಲೆ ಮುರುಟಿಕೊಳ್ಳುತ್ತದೆ. ಅದಕ್ಕೆ ಕಾರಣ ಎಲೆಯ ರಸ ಹೀರುವ ಥ್ರಿಪ್ಸ್ ಮತ್ತು ಮೈಟ್ ನುಸಿ. ಅವು ಎಲೆಯ ಮೇಲೆ, ಚಿಗುರಿನ ಸಂದಿಯಲ್ಲಿ ಇರುವಂಥವು. ಗಿಡಕ್ಕೆ ಹೊಡೆದದ್ದು ಒಂದಿಷ್ಟಾದರೂ ಅವಕ್ಕೆ ತಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮೆಣಸಿನಕಾಯಿಯನ್ನು ತಲೆಮಾರುಗಳಿಂದ ಬೆಳೆದವರಿಗೆ ಕೀಟ ಕಂಡರೆ ಗಿಡಕ್ಕೆ ಹೊಡೆಯಬೇಕು ಎಂಬುದು ಅನುಭವ ಕಲಿಸಿದ ಪಾಠ. ಆ ಪಾಠ ಮೆಣಸಿನ ಸಾಲಿನಿಂದ ಹೀರೆಯ ಚಪ್ಪರಕ್ಕೆ ಹಾಗೆಯೇ ದಾಟಿತು. ಕೀಟದ ಜೀವನಕ್ರಮ ಮಾತ್ರ ಪೂರ್ತಿ ಬೇರೆ.

ಕುಂಬಳ ಜಾತಿಯ ಬೆಳೆಗಳ ಮುಖ್ಯ ಶತ್ರುವನ್ನು ವಿಜ್ಞಾನಿಗಳು ಝ್ಯೂಗೊಡಾಕಸ್ ಕುಕುರ್ಬಿಟೆ ಎನ್ನುತ್ತಾರೆ. ಹಾನಗಲ್ಲಿನ ಮಾವಿನ ತೋಪುಗಳಲ್ಲಿ ಹಣ್ಣು ಕೆಡಿಸುವ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಅದರ ಹತ್ತಿರದ ನೆಂಟ. ಪ್ರಯೋಗಾಲಯದ ಶೀಸೆಗಳಲ್ಲಿ ಸಾಕುವ, ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುವ ಸಣ್ಣ ಡ್ರೊಸೋಫಿಲಾ ಬೇರೆಯೇ ಕುಟುಂಬದ್ದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆ ಪುಟ್ಟ ನೊಣದ ಗಂಡಿನ ವಯಸ್ಸು, ಆಹಾರ, ಕೂಡುವಿಕೆಗಳ ಬಗ್ಗೆ ದಶಕಗಳಿಂದ ಅಧ್ಯಯನ ನಡೆದಿದೆ. ಕುಟುಂಬ ಬೇರೆಯಾದರೂ ಒಂದು ಮೂಲಸಂಗತಿ ಎರಡಕ್ಕೂ ಒಂದೇ: ರೆಕ್ಕೆ ಬಂದ ಕೂಡಲೇ ಗಂಡು ಸಂಸಾರಕ್ಕೆ ಸಿದ್ಧವಾಗಿರುವುದಿಲ್ಲ.

ಡ್ರೊಸೋಫಿಲಾಕ್ಕೆ ಒಂದೆರಡು ದಿನ ಸಾಕಾದರೆ ಕುಂಬಳದ ಹಣ್ಣುನೊಣಕ್ಕೆ ಹತ್ತು ದಿನವೂ ಬೇಕಾಗಬಹುದು, ಚಳಿಯಿದ್ದರೆ ಇನ್ನೂ ಹೆಚ್ಚು. ಈ ಅವಧಿಯಲ್ಲಿ ಅದು ಸಕ್ಕರೆಯಷ್ಟೇ ತಿಂದು ಬದುಕಬಲ್ಲದು, ಚೆನ್ನಾಗಿ ಬಲಿಯಲಾರದು. ಹೆಣ್ಣಿಗೆ ಮೊಟ್ಟೆ ಕಟ್ಟಲು ಪ್ರೋಟೀನ್ ಬೇಕು ಎಂಬುದು ಮೊದಲಿನಿಂದ ಗೊತ್ತಿದ್ದ ವಿಷಯ. ಗಂಡಿಗೂ ಬೇಕು ಎಂಬುದು ಸ್ಪಷ್ಟವಾದದ್ದು ತಡವಾಗಿ. ಎಲೆಯ ಮೇಲಿನ ಬ್ಯಾಕ್ಟೀರಿಯಾ, ಹಕ್ಕಿಯ ಹಿಕ್ಕೆ, ಪರಾಗ, ಕೊಳೆಯುವ ಹಣ್ಣಿನ ರಸ, ಹೀಗೆ ಸಿಕ್ಕಲ್ಲಿ ನೆಕ್ಕುತ್ತ ಅದು ಪ್ರೋಟೀನ್ ಕೂಡಿಸಿಕೊಳ್ಳುತ್ತದೆ. ಸಾಕಷ್ಟು ಉಂಡ ಗಂಡು ಮುಸ್ಸಂಜೆಯಲ್ಲಿ ಯಾವುದೋ ಎಲೆಯ ಅಡಿಯಲ್ಲಿ ಜಾಗ ಹಿಡಿಯುತ್ತದೆ. ಅಕ್ಕಪಕ್ಕದ ಎಲೆಗಳಲ್ಲಿ ಇನ್ನಷ್ಟು ಗಂಡುಗಳು ಸೇರುತ್ತವೆ. ರೆಕ್ಕೆಗಳನ್ನು ಬಿರುಸಾಗಿ ಕಂಪಿಸಿ ಝೇಂಕರಿಸುತ್ತ, ಮೈಯಿಂದ ವಾಸನೆಯ ದ್ರವ್ಯವನ್ನು ಗಾಳಿಗೆ ತೂರುತ್ತವೆ. ಹೆಣ್ಣು ಬಂದು ಅವುಗಳಲ್ಲಿ ಒಂದನ್ನು ಆರಿಸುತ್ತದೆ. ಪ್ರೋಟೀನ್ ಇಲ್ಲದೆ ಬೆಳೆದ ಗಂಡಿನ ವಾಸನೆಯೂ ದುರ್ಬಲ, ಪಟ್ಟುಹಿಡಿದು ಕರೆಯುವ ಶಕ್ತಿಯೂ ಕಡಿಮೆ.

ಹಸಿವನ್ನೂ ಪ್ರಾಯವನ್ನೂ ಜೋಡಿಸುವ ಕೊಂಡಿಯೇ ಹಾರ್ಮೋನು. 1930ರ ದಶಕದಲ್ಲಿ ಬ್ರಿಟನ್ನಿನ ವಿನ್ಸೆಂಟ್ ವಿಗಲ್ಸ್‌ವರ್ತ್ ರಕ್ತ ಹೀರುವ ಒಂದು ತಿಗಣೆಯ ಮೇಲೆ ಪ್ರಯೋಗ ಮಾಡಿ, ಮಿದುಳಿನ ಹಿಂದಿರುವ ಪುಟ್ಟ ಗ್ರಂಥಿಯಿಂದ ಸ್ರವಿಸುವ ದ್ರವ್ಯವೊಂದು ಕೀಟವನ್ನು ಮರಿಯ ಹಂತದಲ್ಲೇ ಉಳಿಸುತ್ತದೆ ಎಂದು ತೋರಿಸಿದರು. ಇಂದು ಅದಕ್ಕೆ ಜುವೆನೈಲ್ ಹಾರ್ಮೋನು ಎನ್ನುತ್ತೇವೆ. ಸೋಜಿಗವೆಂದರೆ, ಮರಿಯಲ್ಲಿ ಬಾಲ್ಯವನ್ನು ಕಾಯುವ ಇದೇ ದ್ರವ್ಯ ರೆಕ್ಕೆ ಬಂದ ಮೇಲೆ ಪ್ರಾಯವನ್ನು ತರುತ್ತದೆ. 2000ದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪೀಟರ್ ಟೀಲ್ ಮತ್ತು ಸಂಗಡಿಗರು ಕೆರಿಬಿಯನ್ ಹಣ್ಣುನೊಣದ ಗಂಡುಗಳಲ್ಲಿ ಇದನ್ನು ಖಚಿತಪಡಿಸಿದರು: ಈ ಹಾರ್ಮೋನು ಏರಿದರೆ ಗಂಡು ಹೆಚ್ಚು ಕರೆಯುತ್ತದೆ, ಹೆಚ್ಚು ವಾಸನೆ ಬಿಡುತ್ತದೆ, ಹೆಚ್ಚು ಕೂಡುತ್ತದೆ. ಸೊಳ್ಳೆಮರಿಗಳ ನಿಯಂತ್ರಣಕ್ಕೆ ಬಳಸುವ ಮೆಥೊಪ್ರೀನ್ ಎಂಬ ಕೃತಕ ದ್ರವ್ಯ ಇದೇ ಹಾರ್ಮೋನಿನ ಕೆಲಸ ಮಾಡುತ್ತದೆ. ಆಸ್ಟ್ರಿಯಾದ ಸೈಬರ್ಸ್‌ಡಾರ್ಫಿನಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದ ಎಫ್‌ಎಓ ಜಂಟಿ ಪ್ರಯೋಗಾಲಯದಲ್ಲಿ ಅದನ್ನು ಕುಂಬಳದ ಹಣ್ಣುನೊಣಕ್ಕೇ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಆ ಕೆಲಸದ ತಿರುಳು ಇದು: ಯೀಸ್ಟಿನ ಪ್ರೋಟೀನ್ ಮತ್ತು ಮೆಥೊಪ್ರೀನ್ ಎರಡೂ ಸಿಕ್ಕ ಗಂಡುಗಳು ಬಹಳ ಬೇಗ ಪ್ರಾಯಕ್ಕೆ ಬಂದು, ತಮಗಿಂತ ಹಿರಿಯ ಗಂಡುಗಳ ಜೊತೆ ಪೈಪೋಟಿಗೆ ನಿಂತವು. ಬರೀ ಸಕ್ಕರೆ ತಿಂದ ಗಂಡಿಗೆ ಹಾರ್ಮೋನು ಕೊಟ್ಟರೆ ಆ ಲಾಭ ಸಿಗಲಿಲ್ಲ. ಹಾರ್ಮೋನು ಅವಸರಪಡಿಸಬಲ್ಲದು, ಆದರೆ ಮೈಯಲ್ಲಿ ಸರಕಿಲ್ಲದಿದ್ದರೆ ಅವಸರದಿಂದ ಏನೂ ಆಗದು.

ಕೀಟಕ್ಕೆ ಹಾರ್ಮೋನು ಕೊಡುವುದು ವಿಚಿತ್ರವೆನಿಸಿದರೆ ನಮ್ಮ ರೇಷ್ಮೆ ಬೆಳೆಗಾರರನ್ನು ಕೇಳಬೇಕು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ‘ಸಂಪೂರ್ಣ’ ಎಂಬ ದ್ರವ್ಯವನ್ನು ಹಣ್ಣಾಗುವ ಹಂತದ ಹುಳಗಳಿಗೆ ಸೊಪ್ಪಿನ ಮೇಲೆ ಚಿಮುಕಿಸಿ ಕೊಟ್ಟರೆ ಹುಳಗಳು ಒಟ್ಟಿಗೆ ಗೂಡು ಕಟ್ಟಲು ತೊಡಗುತ್ತವೆ. ಅದು ಬೇರೆ ಬಗೆಯ ಹಾರ್ಮೋನು, ಸಸ್ಯಮೂಲದ್ದು. ತತ್ವ ಮಾತ್ರ ಇದೇ.

ನೊಣದ ಪ್ರಾಯವನ್ನು ಬೇಗ ತರಿಸುವುದರಿಂದ ಲಾಭ ಯಾರಿಗೆ? ಬಂಜೆ ಗಂಡುಗಳನ್ನು ಬಿಟ್ಟು ಕೀಟದ ಸಂತತಿಯನ್ನೇ ಅಡಗಿಸುವವರಿಗೆ. ಕಾರ್ಖಾನೆಯಲ್ಲಿ ನೊಣ ಸಾಕಿ, ಕೋಶದ ಹಂತದಲ್ಲಿ ಗಾಮಾ ಕಿರಣ ಹಾಯಿಸಿ, ಹೊರಬಂದ ಬಂಜೆ ಗಂಡುಗಳನ್ನು ಊರಿನ ಮೇಲೆ ಬಿಡುತ್ತಾರೆ. ಅವುಗಳನ್ನು ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಜಪಾನಿನ ಓಕಿನಾವಾ ದ್ವೀಪಗಳಲ್ಲಿ ಇದೇ ಕುಂಬಳದ ನೊಣವನ್ನು ಈ ವಿಧಾನದಿಂದ ನಿರ್ಮೂಲ ಮಾಡಿದರು. 1978ರಲ್ಲಿ ಕುಮೆ ಎಂಬ ಒಂದು ದ್ವೀಪ ನೊಣಮುಕ್ತವಾಯಿತು, 1993ರ ಹೊತ್ತಿಗೆ ಇಡೀ ಓಕಿನಾವಾ. ಸುಮಾರು ಎರಡು ದಶಕಗಳ ಹಟದ ಕೆಲಸ ಅದು. ಇಂಥ ಕಾರ್ಯಕ್ರಮದಲ್ಲಿ ಗಂಡುಗಳು ಪ್ರಾಯಕ್ಕೆ ಬರುವವರೆಗೆ ಅವನ್ನು ಕಟ್ಟಡದಲ್ಲಿಟ್ಟು ಸಾಕಬೇಕು. ಒಂದೊಂದು ದಿನಕ್ಕೂ ಜಾಗ, ಆಹಾರ, ಕೂಲಿ. ಪ್ರಾಯ ಬರುವ ಮೊದಲೇ ಬಿಟ್ಟರೆ ಬಹುಪಾಲು ಹೊರಗೆ ಸತ್ತುಹೋಗುತ್ತವೆ. ಪ್ರೋಟೀನ್ ಮತ್ತು ಹಾರ್ಮೋನು ಆ ಕಾಯುವ ದಿನಗಳನ್ನು ಕಡಿಮೆ ಮಾಡುತ್ತವೆ.

ಇದರಲ್ಲೊಂದು ತೊಡಕಿದೆ. ಮೆಡಿಟರೇನಿಯನ್ ಹಣ್ಣುನೊಣದ ಮೇಲೆ ಮೆಥೊಪ್ರೀನ್ ಅಂಥ ಪರಿಣಾಮ ಮಾಡಲಿಲ್ಲ. ಪ್ರೋಟೀನ್ ಉಂಡು ಹುರುಪಾದ ಅದೇ ಜಾತಿಯ ಗಂಡುಗಳು ಮುಂದೆ ಆಹಾರ ಸಿಗದಿದ್ದಾಗ ಬೇಗ ಸತ್ತವು. ಅಂದರೆ ಒಂದು ಜಾತಿಯ, ಒಂದು ದೇಶದ ಪ್ರಮಾಣವನ್ನು ಇನ್ನೊಂದೆಡೆ ಕಣ್ಣುಮುಚ್ಚಿ ತರುವಂತಿಲ್ಲ. ವರದೆ, ತುಂಗಭದ್ರೆಯರ ದಡದಲ್ಲಿ ಹುಟ್ಟುವ ನೊಣವನ್ನು ಇಲ್ಲಿಯೇ ಅಳೆದು ನೋಡಬೇಕು.

ಹಾವೇರಿಗೆ ನಾಳೆಯೇ ಬಂಜೆನೊಣದ ಕಾರ್ಖಾನೆ ಬೇಕು ಎಂದು ನಾನು ಹೇಳುತ್ತಿಲ್ಲ. ಓಕಿನಾವಾಕ್ಕೆ ಸುತ್ತಲೂ ಸಮುದ್ರದ ಬೇಲಿಯಿತ್ತು. ನಮ್ಮ ಜಿಲ್ಲೆಗೆ ದಾವಣಗೆರೆ, ಶಿವಮೊಗ್ಗ, ಧಾರವಾಡ, ಗದಗ ಎಲ್ಲ ಕಡೆಯೂ ಬಯಲೇ. ನೊಣ ಕಿಲೋಮೀಟರುಗಟ್ಟಲೆ ಹಾರಬಲ್ಲದು, ಕಾಯಿಯ ಜೊತೆ ಲಾರಿ ಹತ್ತಿಯೂ ಬರಬಲ್ಲದು. ಆದರೆ ಆ ಕಾರ್ಖಾನೆಗಾಗಿ ಕಂಡುಕೊಂಡ ಜ್ಞಾನವನ್ನು ತಿರುಗಿಸಿ ಹಿಡಿದರೆ ಅದು ಇಂದೇ ನಮ್ಮ ಕೈಗೆ ಬರುತ್ತದೆ. ನೊಣವನ್ನು ಪ್ರಾಯಕ್ಕೆ ತರುವ ಊಟ ಯಾವುದೋ ಅದೇ ಅದನ್ನು ಕೊಲ್ಲುವ ಆಮಿಷವೂ ಹೌದು. ಪ್ರೋಟೀನಿಗಾಗಿ ಹಸಿದ ಗಂಡು, ಹೆಣ್ಣು ಎರಡೂ ಅದರ ವಾಸನೆಯನ್ನು ಹುಡುಕಿಕೊಂಡು ಬರುತ್ತವೆ. ಅದಕ್ಕೆ ಅತಿ ಸ್ವಲ್ಪ ಕೀಟನಾಶಕ ಬೆರೆಸಿ ಅಲ್ಲಲ್ಲಿ ಚುಕ್ಕೆ ಇಟ್ಟರೆ ನೊಣ ಕೂಡುವ ಮೊದಲೇ, ಮೊಟ್ಟೆಯಿಡುವ ಮೊದಲೇ ಸಾಯುತ್ತದೆ.

ನಮ್ಮಲ್ಲಿ ಬಹುಕಾಲದಿಂದ ಇರುವ ಸಲಹೆ ಬೆಲ್ಲದ ನೀರಿಗೆ ಮೆಲಾಥಿಯಾನ್ ಬೆರೆಸಿ ಹೊಡೆಯುವುದು. ಕೆಟ್ಟ ಸಲಹೆಯಲ್ಲ, ಅರ್ಧ ಸಲಹೆ. ಬೆಲ್ಲದಲ್ಲಿ ಸಕ್ಕರೆಯಿದೆ, ಪ್ರೋಟೀನ್ ಇಲ್ಲ. ಸಕ್ಕರೆ ನೊಣಕ್ಕೆ ಹೂವಿನಲ್ಲಿ, ಸಸ್ಯಹೇನಿನ ಅಂಟಿನಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಅದಕ್ಕೆ ಕೊರತೆಯಿರುವುದು ಪ್ರೋಟೀನಿನದು. ಕೊರತೆಯಿರುವುದನ್ನು ಇಟ್ಟರೆ ತಾನೇ ದೂರದಿಂದ ಬರುವುದು?

ಎಲ್ಲಿ ಇಡಬೇಕು ಎಂಬುದು ಇನ್ನೂ ಮುಖ್ಯ. 1950ರ ದಶಕದಲ್ಲೇ ಹವಾಯಿಯಲ್ಲಿ ಗಮನಿಸಿದ್ದು: ಕುಂಬಳದ ನೊಣ ಬಳ್ಳಿಯಲ್ಲಿ ವಾಸ ಮಾಡುವುದಿಲ್ಲ. ಹೆಣ್ಣು ಮೊಟ್ಟೆಯಿಡಲು ಮಾತ್ರ ಬಳ್ಳಿಗೆ ಬರುತ್ತದೆ, ಉಳಿದ ಹೊತ್ತು ಗಂಡುಹೆಣ್ಣು ಎರಡೂ ಹೊಲದ ಅಂಚಿನ ಎತ್ತರದ ಗಿಡಗಳಲ್ಲಿ, ವಿಶೇಷವಾಗಿ ಗೋವಿನಜೋಳದಲ್ಲಿ, ನೆರಳು ಹಿಡಿದು ಕೂತಿರುತ್ತವೆ. ಹಾವೇರಿ ಜಿಲ್ಲೆಯ ಯಾರಿಗೆ ಗೋವಿನಜೋಳದ ಪರಿಚಯ ಮಾಡಿಕೊಡಬೇಕು! ಮುಂಗಾರಿನಲ್ಲಿ ಊರ ಸುತ್ತ ಅದೇ. ನೊಣಕ್ಕೆ ನಾವು ಎಕರೆಗಟ್ಟಲೆ ಬಿಡಾರ ಕಟ್ಟಿಕೊಟ್ಟು, ಅದು ಕ್ಷಣಹೊತ್ತು ಬಂದುಹೋಗುವ ಹೀರೆಯ ಚಪ್ಪರಕ್ಕೆ ಎಣ್ಣೆ ಹೊಡೆಯುತ್ತಿದ್ದೇವೆ. 2000ದ ದಶಕದಲ್ಲಿ ಹವಾಯಿಯ ರೈತರು ಪ್ರೋಟೀನ್ ಆಮಿಷವನ್ನು ಅಂಚಿನ ಗೋವಿನಜೋಳದ ಸಾಲಿಗೆ ಹಾಕುವುದನ್ನು ರೂಢಿ ಮಾಡಿಕೊಂಡರು. ಬಳ್ಳಿಯ ಹೂವಿಗೆ ವಿಷ ಬೀಳುವುದು ಕಡಿಮೆಯಾಯಿತು. ಇದು ಸಣ್ಣ ಲಾಭವಲ್ಲ. ಮಾರುಕಟ್ಟೆಗೆ ಬೆಳೆಯುವ ಸೌತೆ, ಹೀರೆಗಳು ಕಾಯಿಕಟ್ಟುವುದು ಜೇನಿನಿಂದ. ಹೂವಿಗೆ ಹೊಡೆದ ಎಣ್ಣೆ ಮೊದಲು ಕೊಲ್ಲುವುದು ಜೇನನ್ನು.

ಈಗ ಬಾಟಲಿಯ ಮಾತು. ಚಪ್ಪರಕ್ಕೆ ತೂಗುಹಾಕುವ ಮೋಹಕ ಬಲೆಗಳು ನಮ್ಮ ಕಡೆ ಸಾಕಷ್ಟು ಬಂದಿವೆ. ಅವುಗಳಲ್ಲಿಡುವ, ಗಂಡುನೊಣವನ್ನು ಸೆಳೆಯುವ ದ್ರವ್ಯ ಮಾವಿಗೆ ಮಿಥೈಲ್ ಯೂಜಿನಾಲ್, ಬಳ್ಳಿಗೆ ಕ್ಯೂಲೂರ್. ಈ ವಿದ್ಯೆ ಹುಟ್ಟಿದ್ದೂ ನಮ್ಮ ದೇಶದಲ್ಲೇ: ಬಿಹಾರದ ಪೂಸಾದಲ್ಲಿ ಕೀಟವಿಜ್ಞಾನಿಯಾಗಿದ್ದ ಹೌಲೆಟ್, ಸೊಳ್ಳೆ ಓಡಿಸಲು ಹಚ್ಚುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು, 1915ರಲ್ಲಿ ಮಿಥೈಲ್ ಯೂಜಿನಾಲಿನ ಆಕರ್ಷಣೆಯನ್ನು ತಿಳಿಸಿದರು. ಮುಂದೆ ಪೆಸಿಫಿಕ್ಕಿನ ರೋಟಾ ದ್ವೀಪದಲ್ಲಿ ಇದೊಂದೇ ಉಪಾಯದಿಂದ ಮಾವಿನ ನೊಣವನ್ನು ನಿರ್ಮೂಲ ಮಾಡಿದ್ದೂ ಉಂಟು. ಹಾಗಾಗಿ ಬಲೆಯನ್ನು ಹೀಗಳೆಯುವಂತಿಲ್ಲ.

ಆದರೂ ಬಾಟಲಿಯ ತಳದಲ್ಲಿ ರಾಶಿಬಿದ್ದ ಸತ್ತ ನೊಣಗಳನ್ನು ಕಂಡು ಗೆದ್ದೆವೆಂದು ತಿಳಿಯುವುದು ತಪ್ಪು. ಬೀಳುವುದು ಗಂಡುಗಳು ಮಾತ್ರ. ಮೊಟ್ಟೆಯಿಡುವುದು ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು, ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ದಿನಗಟ್ಟಲೆ ಮೈಯಲ್ಲಿ ಕಾಪಿಟ್ಟುಕೊಂಡು ನೂರಾರು ಮೊಟ್ಟೆಯಿಡಬಲ್ಲದು. ನೂರರಲ್ಲಿ ತೊಂಬತ್ತು ಗಂಡು ಬಲೆಗೆ ಬಿದ್ದರೂ ಉಳಿದ ಹತ್ತು ಸಂತತಿಯನ್ನು ನಡೆಸುತ್ತವೆ. ಇನ್ನೊಂದು, ಗಂಡು ಕ್ಯೂಲೂರಿಗೆ ಮನಸೋಲುವುದು ಪ್ರಾಯ ಬಲಿಯುತ್ತ ಬಂದಂತೆ. ಎಳೆಯ ಗಂಡು ಅದರ ಕಡೆ ಅಷ್ಟಾಗಿ ತಿರುಗಿಯೂ ನೋಡುವುದಿಲ್ಲ. ಬಲೆಗೆ ಬಿದ್ದವುಗಳಲ್ಲಿ ಎಷ್ಟೋ ಆಗಲೇ ತಮ್ಮ ಕೆಲಸ ಮುಗಿಸಿಕೊಂಡಿರಬಹುದು. ಅದೂ ಅಲ್ಲದೆ ಮಾವಿನ ನೊಣವನ್ನು ಮಿಥೈಲ್ ಯೂಜಿನಾಲ್ ಎಳೆಯುವಷ್ಟು ಬಲವಾಗಿ ಕುಂಬಳದ ನೊಣವನ್ನು ಕ್ಯೂಲೂರ್ ಎಳೆಯುವುದಿಲ್ಲ. ಬಲೆಯಿಂದ ನಿಜವಾದ ಪ್ರಯೋಜನ ಬೇಕಾದರೆ ಅದು ಇಡೀ ಊರಿನ ತುಂಬ ಇರಬೇಕು, ಕಾಯಿ ಹಿಡಿಯುವ ಮೊದಲೇ ಇರಬೇಕು, ಪ್ರೋಟೀನ್ ಆಮಿಷ ಜೊತೆಗಿರಬೇಕು. ಒಬ್ಬರ ಹೊಲದಲ್ಲಿ ನಾಲ್ಕು ಬಾಟಲಿ ತೂಗಿದರೆ ಊರಲ್ಲಿ ನೊಣ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ, ಅಷ್ಟೇ.

ಇಲ್ಲಿಯೇ ನಿಜವಾದ ತಕರಾರು ಏಳುತ್ತದೆ. ಎರಡೆಕರೆ, ಮೂರೆಕರೆಯ ಹಿಡುವಳಿಗಳ ಊರಿನಲ್ಲಿ ಒಬ್ಬರು ಆಮಿಷ ಇಟ್ಟು ಪಕ್ಕದವರು ಹುಳುಕು ಕಾಯಿಯನ್ನು ಬದುವಿನ ಮೇಲೆ ಸುರಿದರೆ ಏನು ಫಲ? ಆ ರಾಶಿಯಿಂದ ಎರಡು ಮೂರು ವಾರದೊಳಗೆ ಹೊಸ ತಲೆಮಾರು ಎದ್ದು ಎರಡೂ ಹೊಲಕ್ಕೆ ಹಾರುತ್ತದೆ. ತಕರಾರು ಸರಿಯಾದದ್ದು. ಅದಕ್ಕೆ ಉತ್ತರವೂ ಅದರಲ್ಲೇ ಇದೆ: ಊರು ಒಟ್ಟಾಗಿ ಮಾಡದೆ ಹಣ್ಣುನೊಣ ಬಗ್ಗುವುದಿಲ್ಲ. ಬಿದ್ದ ಕಾಯಿ ಆಯುವುದು, ಆಳವಾಗಿ ಹೂಳುವುದು ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಹಾಕುವುದು, ಇದಕ್ಕೆ ಖರ್ಚೇನೂ ಇಲ್ಲ, ಒಪ್ಪಂದ ಮಾತ್ರ ಬೇಕು. ಬೀಜೋತ್ಪಾದನೆಯ ಊರುಗಳಲ್ಲಿ ಆ ಒಪ್ಪಂದ ಬೇರೆಡೆಗಿಂತ ಸುಲಭ ಎಂದು ನಾನು ನಂಬಿದ್ದೇನೆ. ಅಲ್ಲಿ ಹೊಲಗಳ ನಡುವೆ ತಳಿ ಬೆರೆಯದಂತೆ ಅಂತರ ಕಾಯುವ ಶಿಸ್ತು ಈಗಾಗಲೇ ಇದೆ, ಕಂಪನಿಗಳ ಮೇಲ್ವಿಚಾರಕರು ಹೊಲದಿಂದ ಹೊಲಕ್ಕೆ ತಿರುಗುತ್ತಾರೆ. ಪರಾಗದ ಶುದ್ಧಿಗಾಗಿ ಬೆಳೆಗಾರರನ್ನು ನಿಯಮಕ್ಕೆ ಒಪ್ಪಿಸಬಲ್ಲ ಕಂಪನಿಗಳು ನೊಣದ ನಿಯಂತ್ರಣದ ಖರ್ಚಿನಲ್ಲಿ ಪಾಲು ಕೊಡಬೇಕು. ಕಾಯಿ ಹುಳುಕಾದರೆ ನಷ್ಟ ಬೆಳೆದವರದು, ಕಾಯಿ ಉಳಿದರೆ ಬೀಜ ಕಂಪನಿಯದು ಎಂಬ ಲೆಕ್ಕ ನ್ಯಾಯದ್ದಲ್ಲ.

ಪ್ರೋಟೀನ್ ಆಮಿಷ ಸಿಗುವುದೆಲ್ಲಿ ಎಂಬುದು ಎರಡನೆಯ ತಕರಾರು. ಗೊಬ್ಬರದ ಅಂಗಡಿಯಲ್ಲಿ ಕೀಟನಾಶಕ ಸಿಗುವಷ್ಟು ಸಲೀಸಾಗಿ ಅದು ಸಿಗುವುದಿಲ್ಲ, ಸಿಕ್ಕರೂ ಬೆಲೆ ಹೆಚ್ಚು. ಟೋಂಗಾ, ವಿಯೆಟ್ನಾಂ ದೇಶಗಳಲ್ಲಿ ಬಿಯರ್ ತಯಾರಿಕೆಯಲ್ಲಿ ಉಳಿಯುವ ತ್ಯಾಜ್ಯ ಯೀಸ್ಟಿನಿಂದ ಅಗ್ಗದ ಆಮಿಷ ತಯಾರಿಸಿದರು. ಕರ್ನಾಟಕದಲ್ಲಿ ಬಿಯರ್ ಕಾರ್ಖಾನೆಗಳಿಗೆ ಬರವಿಲ್ಲ. ಆ ತ್ಯಾಜ್ಯವನ್ನು ಆಮಿಷವಾಗಿ ಮಾಡುವ ಒಂದು ಸಣ್ಣ ಘಟಕಕ್ಕೆ ಬೇಕಾದದ್ದು ದೊಡ್ಡ ವಿಜ್ಞಾನವಲ್ಲ, ತೀರ್ಮಾನ.

ಆ ತೀರ್ಮಾನ ಏಕೆ ತುರ್ತು ಎಂಬುದಕ್ಕೆ ಒಂದು ನಿದರ್ಶನ: 2014ರ ಮೇ ತಿಂಗಳಿನಿಂದ ಯುರೋಪಿನ ಒಕ್ಕೂಟ ಭಾರತದ ಮಾವನ್ನೂ ಜೊತೆಗೆ ನಾಲ್ಕು ತರಕಾರಿಗಳನ್ನೂ ತಡೆಹಿಡಿದಾಗ ಆ ಪಟ್ಟಿಯಲ್ಲಿ ಹಾಗಲವೂ ಪಡುವಲವೂ ಇದ್ದವು. ಸರಕಿನಲ್ಲಿ ಹಣ್ಣುನೊಣ ಮತ್ತಿತರ ಕೀಟಗಳು ಸಿಕ್ಕಿದ್ದವು. ಮಾವಿನ ತಡೆ ಮರುವರ್ಷ ತೆರವಾಯಿತು, ತರಕಾರಿಗಳು ಇನ್ನೂ ಕಾಯಬೇಕಾಯಿತು. ನೊಣದ ಬೆಲೆ ದೇಶದ ಮಟ್ಟದಲ್ಲಿ ಎಷ್ಟು ಎಂಬುದಕ್ಕೆ ಇದೊಂದು ಲೆಕ್ಕ ಸಾಕು.

ಸಂಶೋಧನೆಗೆ ಬೇಕಾದ ನೆಲೆ ನಮ್ಮಲ್ಲಿಯೇ ಇದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರಗಳಿವೆ. ಹಾವೇರಿಯ ಪಕ್ಕದ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ನೆಲೆಯಿದೆ. ಅಲ್ಲಿನವರಿಗೆ ನನ್ನ ಬೇಡಿಕೆ ದುಬಾರಿಯದಲ್ಲ. ಹುಳುಕು ಹೀರೇಕಾಯಿಗಳನ್ನು ತಂದು ಮರಳಿನ ತಟ್ಟೆಯಲ್ಲಿಟ್ಟರೆ ಕೋಶಗಳು ಸಿಗುತ್ತವೆ, ಕೋಶದಿಂದ ನೊಣ ಏಳುತ್ತವೆ. ಜಾಳಿಗೆಯ ಪೆಟ್ಟಿಗೆಯಲ್ಲಿ ಕೆಲವಕ್ಕೆ ಬರೀ ಸಕ್ಕರೆ, ಕೆಲವಕ್ಕೆ ಸಕ್ಕರೆ ಮತ್ತು ಯೀಸ್ಟ್ ಕೊಟ್ಟು, ಮುಸ್ಸಂಜೆಯಲ್ಲಿ ಕೂತು, ಯಾವ ದಿನ ಗಂಡುಗಳು ಕೂಡತೊಡಗುತ್ತವೆ ಎಂದು ಬರೆದಿಡಬೇಕು. ಮುಂಗಾರಿಗೊಂದು ಸಲ, ಹಿಂಗಾರಿಗೊಂದು ಸಲ, ಬೇಸಿಗೆಗೊಂದು ಸಲ. ಹಾವೇರಿಯ ನೊಣಕ್ಕೆ ಎಷ್ಟು ದಿನಗಳ ಹಸಿವು ಎಂಬ ಆ ಒಂದು ಸಂಖ್ಯೆ ಗೊತ್ತಾದರೆ ಆಮಿಷವನ್ನು ಎಷ್ಟು ದಿನಕ್ಕೊಮ್ಮೆ ಹೊಸದಾಗಿ ಇಡಬೇಕು ಎಂಬುದನ್ನು ರೈತರಿಗೆ ಖಚಿತವಾಗಿ ಹೇಳಬಹುದು. ಮುಂದೊಂದು ದಿನ ಬಂಜೆ ಗಂಡುಗಳನ್ನು ಬಿಡುವ ಯೋಜನೆ ಬಂದರೆ, ಹಾರ್ಮೋನು ಎಷ್ಟು ಕೊಡಬೇಕು, ಕೊಡಬೇಕೇ ಬೇಡವೇ ಎಂಬ ಪ್ರಶ್ನೆಗೂ ಅದೇ ತಳಹದಿ.

ಬೆಳೆಗಾರರಿಗೂ ಒಂದು ಮಾತು. ಮುಂದಿನ ಹಂಗಾಮಿನಲ್ಲಿ ಹೀರೆ, ಹಾಗಲ, ಸೌತೆಯ ಬೀಜ ಊರುವ ಮೊದಲು ಅಕ್ಕಪಕ್ಕದ ಹೊಲದವರನ್ನು ಕೂಡಿಸಿ ಮೂರು ವಿಷಯ ತೀರ್ಮಾನಿಸಿಕೊಳ್ಳಿ: ಹುಳುಕು ಕಾಯಿಯನ್ನು ಯಾರೂ ಬದುವಿಗೆ ಎಸೆಯಬಾರದು, ಬಲೆಗಳನ್ನು ಎಲ್ಲರೂ ಒಂದೇ ವಾರದಲ್ಲಿ ಕಟ್ಟಬೇಕು, ಆಮಿಷ ಅಂಚಿನ ಗೋವಿನಜೋಳದ ಮೇಲೆ ಬೀಳಬೇಕು. ಆಮೇಲೆ ಹನುಮನಮಟ್ಟಿಗೆ ಹೋಗಿ ಪ್ರೋಟೀನ್ ಆಮಿಷ ಕೇಳಿ. ಇಲ್ಲವೆಂದರೆ ಯಾವಾಗ ಬರುತ್ತದೆ ಎಂದು ಕೇಳಿ.